ಮದ್ದು ತಲುಪಿತೆಂಬುದಕ್ಕೆ ಬೆಳಕಿನ ಸಾಕ್ಷಿ

ಮದ್ದು ಮನುಷ್ಯನಿಗೆ ಎಷ್ಟು ಹಳೆಯದೋ ಅದರ ತೊಡಕೂ ಅಷ್ಟೇ ಹಳೆಯದು. ನೋವಿರುವುದು ಒಂದು ಕಡೆ. ಮದ್ದು ಹೋಗುವುದು ಎಲ್ಲ ಕಡೆಗೆ. ತಲೆನೋವಿಗೆಂದು ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗಿ, ರಕ್ತದಲ್ಲಿ ಬೆರೆತು, ಕಾಲಿನ ಹೆಬ್ಬೆರಳಿನವರೆಗೂ ಒಂದು ಸುತ್ತು ಹೋಗಿ ಬರುತ್ತದೆ. ಸಣ್ಣಪುಟ್ಟ ಬೇನೆಗಳಲ್ಲಿ ಇದರಿಂದ ದೊಡ್ಡ ಕೇಡೇನೂ ಇಲ್ಲ. ಆದರೆ ಅರ್ಬುದರೋಗದಂಥ ಕಡುರೋಗಗಳಲ್ಲಿ ಮದ್ದೇ ಅರೆವಿಷವಾಗಿರುತ್ತದೆ. ಅದು ಗಡ್ಡೆಯನ್ನು ಸುಡುವುದರ ಜೊತೆಗೆ ಕೂದಲಿನ ಬುಡವನ್ನೂ ಬಾಯಿಯ ಒಳಪೊರೆಯನ್ನೂ ಎಲುಬಿನ ಮಜ್ಜೆಯನ್ನೂ ಬಾಧಿಸುತ್ತದೆ. ಒಬ್ಬ ಕಳ್ಳನನ್ನು ಹಿಡಿಯಲು ಇಡೀ ಕೇರಿಯನ್ನೇ ದಂಡಿಸಿದಂತೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಮದ್ದು ತಲುಪಬೇಕಾದಲ್ಲಿಗೆ ತಲುಪಿತೇ ಎಂಬುದು ಕೊಟ್ಟವರಿಗೂ ತಿಳಿಯದು, ತೆಗೆದುಕೊಂಡವರಿಗೂ ತಿಳಿಯದು. ನಾವು ಚಿಕ್ಕವರಿದ್ದಾಗ ಮುಖ್ಯವಾದ ಕಾಗದವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ, ಅದರ ಬೆನ್ನಿಗೆ ಒಂದು ಸ್ವೀಕೃತಿ ಕಾರ್ಡನ್ನು ಅಂಟಿಸುತ್ತಿದ್ದರು. ಕಾಗದ ಪಡೆದವರ ರುಜು ಹೊತ್ತ ಆ ಕಾರ್ಡು ಮರಳಿ ಬಂದಾಗಲೇ ಮನೆಯ ಹಿರಿಯರಿಗೆ ಸಮಾಧಾನ. ವೈದ್ಯಶಾಸ್ತ್ರವು ಶತಮಾನಗಳ ಕಾಲ ಸ್ವೀಕೃತಿಯಿಲ್ಲದ ಕಾಗದಗಳನ್ನೇ ಬರೆಯುತ್ತ ಬಂದಿದೆ. ಆ ಕಾರ್ಡನ್ನು ಬೆಳಕಿನ ರೂಪದಲ್ಲಿ ತರಿಸಿಕೊಳ್ಳುವ ಬಗೆ ಈಚಿನ ದಶಕಗಳಲ್ಲಿ ರೂಪುಗೊಳ್ಳುತ್ತಿದೆ. ವಿಜ್ಞಾನಿಗಳು ಕಟ್ಟಿದ ಒಂದು ಜಾತಿಯ ಪಾಲಿಮರುಗಳು ದೇಹದೊಳಗೆ ಮೌನವಾಗಿ ಸಂಚರಿಸಿ, ರೋಗವಿರುವ ನೆಲೆಯನ್ನು ಮುಟ್ಟಿದೊಡನೆ ಬೆಳಗುತ್ತವೆ. ಕೆಲವು ಅಲ್ಲಿಯೇ ತಾವು ಹೊತ್ತ ಮದ್ದನ್ನೂ ಇಳಿಸುತ್ತವೆ. ಈ ವಿಷಯವನ್ನು ನಮ್ಮ ಗಡಿನಾಡಿನ ಮನೆಗಳಿಗೆ ತಿಳಿಯುವಂತೆ ಹೇಳಬೇಕೆಂಬುದು ನಮ್ಮ ಆಸೆ. ಅದಕ್ಕೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ತಿಳಿದುದರಿಂದ ತಿಳಿಯದುದರ ಕಡೆಗೆ ಮಕ್ಕಳನ್ನು ನಡೆಸಬೇಕೆಂಬುದು ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಮೂವತ್ತು ವರ್ಷಗಳ ಮೇಷ್ಟರಿಕೆಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ಮಾತು ಮತ್ತೊಂದಿಲ್ಲ. ಆದ್ದರಿಂದ ಅರಿಶಿನದಿಂದಲೇ ಆರಂಭಿಸೋಣ. ನಮ್ಮ ತಾಳವಾಡಿಯ ಕಡೆ ಅರಿಶಿನವನ್ನು ಕಾಣದ ಮಕ್ಕಳಿಲ್ಲ. ಹೊಲದಲ್ಲಿ ಅದು ಬೆಳೆ, ಅಂಗಳದಲ್ಲಿ ಬೇಯಿಸಿ ಒಣಗಿಸುವ ರಾಶಿ, ಈರೋಡಿನ ಮಂಡಿಯಲ್ಲಿ ಮನೆಯ ವರ್ಷದ ಲೆಕ್ಕ.

ಈ ಅರಿಶಿನಕ್ಕೆ ಎರಡು ಗುಣಗಳಿವೆ. ಮೊದಲನೆಯದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಬೆರೆಸಿದರೆ ಆರತಿಯ ಓಕುಳಿ ಕೆಂಪಗೆ ಸಿದ್ಧವಾಗುತ್ತದೆ. ಅದಕ್ಕೆ ನಿಂಬೆರಸವನ್ನು ಹಿಂಡಿದರೆ ಮರಳಿ ಹಳದಿ. ಸುಣ್ಣ ಕ್ಷಾರ, ನಿಂಬೆ ಆಮ್ಲ; ಸುತ್ತಲಿನ ಸ್ಥಿತಿ ಬದಲಾದಂತೆ ಅರಿಶಿನವು ತನ್ನ ಬಣ್ಣವನ್ನು ಬದಲಿಸಿ ಉತ್ತರ ಕೊಡುತ್ತದೆ. ಎರಡನೆಯದು ಅಷ್ಟಾಗಿ ತಿಳಿದದ್ದಲ್ಲ. ಖೋಟಾ ನೋಟುಗಳನ್ನು ಗುರುತಿಸಲು ವ್ಯಾಪಾರಿಗಳು ಇಟ್ಟುಕೊಳ್ಳುವ ಸಣ್ಣ ನೇರಳಾತೀತ ಟಾರ್ಚೊಂದನ್ನು ನಾವು ಶಾಲೆಗೆ ತಂದೆವು. ಎಂಟನೆಯ ತರಗತಿಯ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ಒಂದು ಲೋಟದ ನೀರಿನಲ್ಲೂ ಇನ್ನೊಂದು ಲೋಟದ ಸ್ಪಿರಿಟ್ಟಿನಲ್ಲೂ ಅರಿಶಿನ ಕದಡಿ ಬೆಳಕು ಬಿಟ್ಟೆವು. ನೀರಿನಲ್ಲಿದ್ದ ಅರಿಶಿನ ಮಂಕಾಗಿಯೇ ಇತ್ತು. ಸ್ಪಿರಿಟ್ಟಿನದು ಹಸುರು ಬೆರೆತ ಹಳದಿಯ ಕಾಂತಿಯಿಂದ ಹೊಳೆಯಿತು. ಮಕ್ಕಳು ಒಮ್ಮೆಲೇ ಎದ್ದು ನಿಂತರು.

ಒಂದು ಬಗೆಯ ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ೧೮೫೨ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ ಇದನ್ನು ವಿವರಿಸಿದಾಗ ಎದುರಿಗಿಟ್ಟುಕೊಂಡ ವಸ್ತುಗಳಲ್ಲಿ ಕ್ವಿನೈನ್ ದ್ರಾವಣವೂ ಒಂದು. ಮುಂದೆ ೧೮೬೦ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿ ತೋಟ ಮಾಡಿದ ಸಿಂಕೋನಾ ಮರದ ತೊಗಟೆಯ ಸಾರವೇ ಅದು. ಆದರೆ ಮಕ್ಕಳು ಆ ದಿನ ಕಲಿತದ್ದು ಹೆಸರಿಗಿಂತ ದೊಡ್ಡದು: ಅದೇ ಅರಿಶಿನ, ಅದೇ ಟಾರ್ಚು; ನೆರೆಹೊರೆ ಬದಲಾದುದರಿಂದ ಬೆಳಕು ಬದಲಾಯಿತು. ನಾವು ಹೇಳಹೊರಟ ಶೋಧದ ತಿರುಳು ಇಷ್ಟೇ.

ಇನ್ನು ಪಾಲಿಮರ್ ಎಂದರೇನು? ಸಣ್ಣ ಅಣುಗಳನ್ನು ಒಂದರ ಪಕ್ಕಕ್ಕೊಂದು ಪೋಣಿಸಿದ ಉದ್ದನೆಯ ಸರ. ಒಂದೊಂದೇ ಮಲ್ಲಿಗೆ ಸೇರಿ ಮೊಳದುದ್ದದ ದಂಡೆಯಾಗುವಂತೆ ಸಾವಿರಾರು ಅಣುಗಳು ಸೇರಿ ಒಂದು ಪಾಲಿಮರ್ ಆಗುತ್ತದೆ. ಹತ್ತಿಯ ನೂಲು, ಹಸುವಿಗೆ ಹಾಕುವ ಹುಲ್ಲು, ಪ್ಲಾಸ್ಟಿಕ್ ಕೊಡ ಎಲ್ಲವೂ ಇಂಥ ಸರಗಳೇ. ಅಣುಗಳು ಇಷ್ಟು ಉದ್ದದ ಸರವಾಗಬಲ್ಲವೆಂದು ೧೯೨೦ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಹೇಳಿದಾಗ ಅನೇಕ ಪಂಡಿತರು ನಂಬಲಿಲ್ಲ. ೧೯೫೩ರಲ್ಲಿ ಅವರಿಗೇ ನೊಬೆಲ್ ಪಾರಿತೋಷಕ ಬಂದಿತು.

ಈ ಸರಗಳಲ್ಲಿ ಕೆಲವು ಸುತ್ತಲಿನ ಸ್ಥಿತಿಗೆ ಓಗೊಡುತ್ತವೆ. ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಬಾಯಿ ತುಂಬುವ ಹೆಸರಿನದೊಂದಿದೆ. ೩೨ ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ನೀರಿನಲ್ಲಿ ಅದು ಕರಗಿರುತ್ತದೆ. ಆ ಗೆರೆ ದಾಟಿ ಬಿಸಿಯಾದೊಡನೆ ಮುದುಡಿಕೊಂಡು ನೀರನ್ನು ಹಾಲಿನಂತೆ ಕದಡುತ್ತದೆ. ಕೋಳಿಮೊಟ್ಟೆಯ ಬಿಳಿಯೂ ಕಾದರೆ ಗಟ್ಟಿಯಾಗುತ್ತದೆಯಾದರೂ ತಣಿದ ಮೇಲೆ ಮರಳಿ ತಿಳಿಯಾಗದು. ಈ ಪಾಲಿಮರ್ ಆಗುತ್ತದೆ. ಶಾಖಕ್ಕೆ ಓಗೊಡುವಂಥವು ಕೆಲವಾದರೆ, ಹುಳಿಗೆ ಓಗೊಡುವಂಥವು ಕೆಲವು, ದೇಹದ ಕಿಣ್ವಗಳಿಗೆ ಓಗೊಡುವಂಥವು ಮತ್ತೆ ಕೆಲವು.

ಬಣ್ಣವನ್ನೂ ಮದ್ದನ್ನೂ ಜೊತೆಗೂಡಿಸುವ ಯೋಚನೆ ಇಂದಿನದಲ್ಲ. ಪಾಲ್ ಎರ್ಲಿಕ್ ಎಂಬ ಜರ್ಮನ್ ವೈದ್ಯರು ಜೀವಕೋಶಗಳಿಗೆ ಬಣ್ಣಗಳನ್ನು ಹಾಕಿ ಪರೀಕ್ಷಿಸುತ್ತಿದ್ದಾಗ, ಒಂದು ಬಣ್ಣ ಕೆಲವು ಕೋಶಗಳಿಗೆ ಮಾತ್ರ ಹತ್ತಿ ಉಳಿದವನ್ನು ಬಿಟ್ಟುಬಿಡುವುದನ್ನು ಕಂಡರು. ಬಣ್ಣಕ್ಕೆ ಈ ವಿವೇಕವಿರುವುದಾದರೆ ಮದ್ದಿಗೇಕೆ ಇರಬಾರದು ಎಂದು ಅವರು ಯೋಚಿಸಿದರು. ರೋಗವನ್ನಷ್ಟೇ ತಾಗಿ ರೋಗಿಯನ್ನು ಬಿಡುವ ಅಂಥ ಮದ್ದಿಗೆ ಮಾಯಾಗುಂಡು ಎಂದು ಹೆಸರಿಟ್ಟರು. ೧೯೭೫ರಲ್ಲಿ ಹೆಲ್ಮುಟ್ ರಿಂಗ್ಸ್‌ಡಾರ್ಫ್ ಎಂಬ ರಸಾಯನವಿಜ್ಞಾನಿ ಅದಕ್ಕೊಂದು ನಕ್ಷೆ ಬರೆದುಕೊಟ್ಟರು: ಒಂದು ಪಾಲಿಮರ್ ಸರ, ಅದಕ್ಕೆ ಒಂದೆಡೆ ಕಟ್ಟಿದ ಮದ್ದು, ಇನ್ನೊಂದೆಡೆ ನೀರಿನಲ್ಲಿ ಕರಗಿಸುವ ಭಾಗ, ಮತ್ತೊಂದೆಡೆ ದಾರಿ ತೋರುವ ಭಾಗ. ಎತ್ತು, ಮೂಟೆ, ದಾರಿಹೋಕ ಮೂರೂ ಕೂಡಿದ ಗಾಡಿಯಿದ್ದಂತೆ. ಆ ಗಾಡಿಗೆ ಈಗ ದೀಪವೊಂದನ್ನು ಕಟ್ಟಿದ್ದಾರೆ.

ಇವೆಲ್ಲವನ್ನೂ ನಾವು ಕುತೂಹಲಕ್ಕಾಗಿ ಓದಲಿಲ್ಲ. ಆರು ವರ್ಷಗಳ ಹಿಂದೆ ನಮ್ಮ ಅಕ್ಕನ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಗಡಿಯಾಚೆಯ ನಗರವೊಂದರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸ್ತನವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆದಿದ್ದರು. ಎಚ್ಚರವಾದ ಮೇಲೆ ಅಕ್ಕ ಕೇಳಿದ ಮೊದಲ ಮಾತು, “ಎಲ್ಲಾನೂ ತಗ್ದವ್ರಂತಾ ತಮ್ಮಾ? ಒಂದೂ ಉಳ್ದಿಲ್ವಂತಾ?”

ಆಕೆ ಐವತ್ತು ವರ್ಷ ಹೊಲದಲ್ಲಿ ದುಡಿದವಳು. ಅರಿಶಿನ ಅಗೆದ ಹೊಲದಲ್ಲಿ ಎಷ್ಟೇ ಆಯ್ದರೂ ಮಣ್ಣಿನಡಿ ಒಂದು ಕೊಂಬು ಉಳಿದರೆ, ಮುಂದಿನ ಮಳೆಗೆ ಅದು ಎಲೆ ಬಿಟ್ಟು ನಿಲ್ಲುವುದನ್ನು ಕಂಡವಳು. ಆಕೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಶಸ್ತ್ರವೈದ್ಯರಲ್ಲಿಯೂ ಆ ಹೊತ್ತಿಗೆ ಇರಲಿಲ್ಲ. ರೋಗದ ಕೋಶಗಳಿಗೂ ಒಳ್ಳೆಯ ಕೋಶಗಳಿಗೂ ಇರುವ ಗಡಿಯನ್ನು ಬರಿಗಣ್ಣು ಕಾಣದು. ಬೆರಳಿನ ಸ್ಪರ್ಶವೂ ಪೂರ್ತಿ ಹೇಳದು. ತೆಗೆದ ಗಡ್ಡೆಯ ಅಂಚಿಗೆ ಶಾಯಿ ಹಚ್ಚಿ, ತೆಳುವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಡಿ ನೋಡಬೇಕು. ರೋಗ ಅಂಚಿನವರೆಗೂ ಬಂದಿದ್ದರೆ, ದೇಹದೊಳಗೆ ಇನ್ನೂ ಉಳಿದಿರಬಹುದೆಂದು ಅರ್ಥ. ವರದಿಗೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಭಾವನವರು ದಿಂಬಂ ಘಟ್ಟದ ಮೇಲಿನ ತಮ್ಮ ಮನೆಯ ಜಗುಲಿಯಲ್ಲಿ ಕೂತು ಯಾರೊಡನೆಯೂ ಮಾತನಾಡಲಿಲ್ಲ. ವರದಿ ಬಂದಿತು, ಅಂಚಿನಲ್ಲಿ ರೋಗವಿತ್ತು. ಅಕ್ಕ ಎರಡನೆಯ ಬಾರಿ ಮೇಜಿನ ಮೇಲೆ ಮಲಗಬೇಕಾಯಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಕಾಣದುದನ್ನು ಕಣ್ಣು ಹೇಗೆ ತಾನೆ ತೋರೀತು?

ಇದು ಅಕ್ಕನೊಬ್ಬಳ ಕತೆಯಲ್ಲ. ಹೀಗೆ ಸ್ತನ ಉಳಿಸಿ ಮಾಡುವ ಶಸ್ತ್ರಚಿಕಿತ್ಸೆಯ ಬಳಿಕ ಮತ್ತೊಮ್ಮೆ ಚಾಕುವಿಗೆ ಒಡ್ಡಿಕೊಳ್ಳಬೇಕಾದ ಹೆಂಗಸರು ಮುಂದುವರಿದ ದೇಶಗಳಲ್ಲಿಯೂ ಅನೇಕರು. ಬೆಳಗುವ ಪಾಲಿಮರುಗಳ ಮೊದಲ ನಿಜವಾದ ಉಪಕಾರ ಕಂಡುಬಂದಿರುವುದು ಈ ಅಂಚಿನಲ್ಲಿಯೇ.

ಗಡ್ಡೆಗೆ ಒಂದು ಚಾಳಿಯಿದೆ. ಅದರ ಕೋಶಗಳು ಸಕ್ಕರೆಯನ್ನು ಅವಸರದಿಂದ ಉಂಡು, ಗಾಳಿ ಸಾಕಷ್ಟು ಇದ್ದಾಗಲೂ ಹುದುಗಿಸಿ, ಲ್ಯಾಕ್ಟಿಕ್ ಆಮ್ಲವನ್ನು ಸುತ್ತಲೂ ಚೆಲ್ಲುತ್ತವೆ. ಒಟ್ಟೊ ವಾರ್ಬುರ್ಗ್ ಎಂಬವರು ೧೯೨೦ರ ದಶಕದಲ್ಲಿಯೇ ಇದನ್ನು ಗುರುತಿಸಿದ್ದರು. ಆರೋಗ್ಯವಂತರ ರಕ್ತದ ಪಿ.ಎಚ್. ಮಾನ ಸುಮಾರು ೭.೪, ಗಡ್ಡೆಯ ನೆರೆಯಲ್ಲಿ ಅದು ೭ಕ್ಕಿಂತಲೂ ಕೆಳಗಿಳಿಯುವುದುಂಟು. ಎಂದರೆ ಗಡ್ಡೆಯಿರುವ ನೆಲೆ ಸ್ವಲ್ಪ ಹುಳಿ. ಅರಿಶಿನವು ಸುಣ್ಣವನ್ನು ಗುರುತಿಸುವಂತೆ ಈ ಹುಳಿಯನ್ನು ಗುರುತಿಸುವ ಪಾಲಿಮರ್ ಸಿಕ್ಕಿದರೆ ಸಾಕಲ್ಲವೇ?

ಅಂಥದೊಂದನ್ನು ನೆದರ್ಲೆಂಡ್ಸ್ ದೇಶದಲ್ಲಿ ೩೦ ಮಂದಿ ರೋಗಿಗಳಲ್ಲಿ ಪರೀಕ್ಷಿಸಿದ ವರದಿ ೨೦೨೦ರಲ್ಲಿ ಪ್ರಕಟವಾಯಿತು. ಅದರ ರಚನೆ ಸಾಬೂನಿನದೇ ಉಪಾಯ. ಸಾಬೂನಿನ ಅಣುವಿಗೆ ನೀರನ್ನು ಒಲಿಯುವ ಒಂದು ತುದಿ, ಜಿಡ್ಡನ್ನು ಒಲಿಯುವ ಇನ್ನೊಂದು ತುದಿ ಇರುತ್ತವೆ; ನೀರಿನಲ್ಲಿ ಅವು ಜಿಡ್ಡಿನ ತುದಿಗಳನ್ನು ಒಳಗೆ ಮಾಡಿಕೊಂಡು ಉಂಡೆಗಟ್ಟುತ್ತವೆ. ಈ ಪಾಲಿಮರೂ ಹಾಗೆಯೇ ಅತಿಸೂಕ್ಷ್ಮವಾದ ಉಂಡೆಗಳಾಗುತ್ತದೆ. ಅದಕ್ಕೆ ಇಂಡೊಸಯನಿನ್ ಗ್ರೀನ್ ಎಂಬ ಬೆಳಗುವ ಬಣ್ಣವನ್ನು ಕಟ್ಟಿರುತ್ತಾರೆ. ಬೆಳಗುವ ಅಣುಗಳನ್ನು ಒತ್ತೊತ್ತಾಗಿ ತುರುಕಿದಾಗ ಒಂದರ ಬೆಳಕನ್ನು ಇನ್ನೊಂದು ನುಂಗಿ ಎಲ್ಲವೂ ಮಂಕಾಗುತ್ತವೆ. ಆದ್ದರಿಂದ ರಕ್ತದಲ್ಲಿ ಸಂಚರಿಸುವಾಗ ಉಂಡೆ ಕತ್ತಲು. ಹುಳಿ ಸೋಂಕಿದೊಡನೆ ಒಳಭಾಗದ ಸರಗಳು ಹೈಡ್ರೊಜನ್ ಅಯಾನುಗಳನ್ನು ಹಿಡಿದುಕೊಂಡು, ಒಂದನ್ನೊಂದು ದೂರ ತಳ್ಳಿ, ನೀರಿನೊಡನೆ ಸ್ನೇಹ ಬೆಳೆಸುತ್ತವೆ. ಉಂಡೆ ಒಡೆಯುತ್ತದೆ, ಬಣ್ಣದ ಅಣುಗಳು ಬಿಡಿಯಾಗುತ್ತವೆ, ಬೆಳಕು ಹೊರಡುತ್ತದೆ. ಆ ಪರೀಕ್ಷೆಯಲ್ಲಿ ಅಂಚಿನಲ್ಲಿ ರೋಗ ಉಳಿದಿದ್ದ ೯ ಮಂದಿಯಲ್ಲಿ ೯ ಮಂದಿಯಲ್ಲಿಯೂ ಬೆಳಕು ಅದನ್ನು ತೋರಿಸಿತು; ಬೇರೆ ರೀತಿಯಲ್ಲಿ ತಪ್ಪಿಹೋಗುತ್ತಿದ್ದ ೪ ಸಣ್ಣ ನೆಲೆಗಳನ್ನೂ ಹಿಡಿದುಕೊಟ್ಟಿತು. ಮೂವತ್ತು ಮಂದಿಯೆಂಬುದು ಸಣ್ಣ ಸಂಖ್ಯೆಯೆಂಬುದನ್ನು ಮರೆಯಬಾರದು.

ಇನ್ನೊಂದು ಇದರಿಂದಲೂ ಮುಂದೆ ಹೋಗಿದೆ. ಪೆಗುಲಿಸಿಯಾನಿನ್ ಎಂಬುದು ಅದರ ಹೆಸರು. ಪ್ರೋಟೀನಿನ ಒಂದು ತುಂಡು ಎಳೆಯ ಮೇಲೆ ಬೆಳಗುವ ಬಣ್ಣವನ್ನೂ, ಆ ಬೆಳಕನ್ನು ಅಡಗಿಸುವ ಇನ್ನೊಂದು ಅಣುವನ್ನೂ ಅಕ್ಕಪಕ್ಕದಲ್ಲಿ ಕಟ್ಟಿ, ರಕ್ತದಲ್ಲಿ ಬಹಳ ಹೊತ್ತು ಉಳಿಯಲೆಂದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಬಾಲವನ್ನು ಜೋಡಿಸಿದ್ದಾರೆ. ಗಡ್ಡೆಯ ಸುತ್ತ ಹೆಚ್ಚಾಗಿರುವ ಕಿಣ್ವಗಳು ಕತ್ತರಿಯಂತೆ ಆ ಎಳೆಯನ್ನು ತುಂಡರಿಸುತ್ತವೆ. ಅಡಗಿಸುವವನಿಂದ ಬಿಡುಗಡೆಯಾದ ಬಣ್ಣ ಬೆಳಗುತ್ತದೆ. ಶಸ್ತ್ರವೈದ್ಯರು ಗಡ್ಡೆ ತೆಗೆದ ಕುಳಿಯೊಳಗೆ ಕೈಯಲ್ಲಿ ಹಿಡಿಯುವ ಉಪಕರಣವನ್ನಿಟ್ಟು ಉಳಿದುದನ್ನು ಅಲ್ಲಿಯೇ ನೋಡುತ್ತಾರೆ. ಇಂಥ ಪರೀಕ್ಷೆಯೊಂದರಲ್ಲಿ ಹೀಗೆ ನೋಡಿಸಿಕೊಂಡ ೩೫೭ ಮಂದಿಯ ಪೈಕಿ ೨೭ ಮಂದಿಯಲ್ಲಿ, ಎಲ್ಲವೂ ಮುಗಿಯಿತೆಂದು ತಿಳಿದ ಮೇಲೆಯೂ ಉಳಿದಿದ್ದ ರೋಗ ಸಿಕ್ಕಿ, ಅದೇ ಹೊತ್ತಿನಲ್ಲಿ ಅದನ್ನು ತೆಗೆದರು. ೨೦೨೪ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹಾಗೆಂದು ಇದು ದೈವದೃಷ್ಟಿಯಲ್ಲ. ರೋಗವಿದ್ದ ಕಡೆಯೆಲ್ಲ ಅದು ಬೆಳಗಲಿಲ್ಲ. ಬೆಳಗಿದ ಕಡೆಯೆಲ್ಲ ರೋಗವಿರಲೂ ಇಲ್ಲ. ಕೆಲವರ ದೇಹ ಅದನ್ನು ಒಗ್ಗಿಸಿಕೊಳ್ಳದೆ ಪ್ರಾಣಾಪಾಯವಾಗಬಹುದೆಂಬ ಎಚ್ಚರಿಕೆಯೂ ಒಪ್ಪಿಗೆಯ ಜೊತೆಯಲ್ಲಿಯೇ ಇದೆ. ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಪ್ಪತ್ತೇಳು ಜನ ಎರಡ್ನೇ ಸಲ ಮಲಗೋದು ತಪ್ತಲ್ಲ ತಮ್ಮಾ” ಎಂದಳು. ಅವರೆಲ್ಲರಿಗೂ ತಪ್ಪಿತೆಂದು ಹೇಳಲು ಬಾರದು. ಆದರೂ ಆಕೆಯ ಲೆಕ್ಕದಲ್ಲಿದ್ದ ದಯೆಯನ್ನು ತಿದ್ದುವ ಮನಸ್ಸು ನಮಗೆ ಬರಲಿಲ್ಲ.

ಇಷ್ಟು ಒಳ್ಳೆಯದಾದರೆ, ಕೊಯ್ಯದೆಯೇ ಹೊರಗಿನಿಂದ ನೋಡಿಬಿಡಬಾರದೇ ಎಂದು ಓದುಗರು ಕೇಳಬಹುದು. ಮಕ್ಕಳೂ ಕೇಳಿದರು. ಕತ್ತಲಲ್ಲಿ ಟಾರ್ಚಿನ ಬಾಯಿಗೆ ಅಂಗೈಯನ್ನು ಒತ್ತಿ ಹಿಡಿದು ನೋಡಿರಿ. ಬಿಳಿಯ ಬೆಳಕು ಒಳಹೊಕ್ಕರೂ ಹೊರಗೆ ಕಾಣುವುದು ಕೆಂಪು ಮಾತ್ರ. ರಕ್ತದ ಹೀಮೊಗ್ಲೋಬಿನ್ ನೀಲಿ ಹಸುರುಗಳನ್ನು ಬಹುಪಾಲು ನುಂಗಿಬಿಡುತ್ತದೆ. ಕೆಂಪು ಹೇಗೋ ನುಸುಳುತ್ತದೆ. ಕೆಂಪಿಗೂ ಆಚೆಗಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇನ್ನಷ್ಟು ನುಸುಳಬಲ್ಲದು. ಮೇಲೆ ಹೇಳಿದ ಇಂಡೊಸಯನಿನ್ ಗ್ರೀನ್ ಆ ಬಗೆಯ ಬೆಳಕನ್ನು ಸೂಸುವಂಥದು. ೧೯೫೯ರಿಂದಲೂ ವೈದ್ಯರು ಅದನ್ನು ಬಳಸುತ್ತಿದ್ದಾರೆ. ಆದರೂ ಮಾಂಸದೊಳಗೆ ಬೆಳಕು ಚದುರಿಹೋಗುವುದರಿಂದ, ಆಳದಲ್ಲಿರುವ ಗಡ್ಡೆಯ ಮಿನುಗು ಚರ್ಮದವರೆಗೆ ಸ್ಪಷ್ಟವಾಗಿ ಬಾರದು. ಅದಕ್ಕೇ ಈ ದೀಪ ಸದ್ಯಕ್ಕೆ ಶಸ್ತ್ರವೈದ್ಯರ ಕೈಯ ದೀಪ. ಎಕ್ಸ್‌ರೇ, ಸ್ಕ್ಯಾನುಗಳ ಜಾಗದಲ್ಲಿ ಬಂದು ಕೂರುವ ದೀಪವಲ್ಲ.

ಮದ್ದನ್ನು ಹೊತ್ತೊಯ್ಯುವ ಮಾತಿಗೆ ಬಂದರೆ ಹಾದಿ ಇನ್ನೂ ಉದ್ದ. ಡಾಕ್ಸೊರುಬಿಸಿನ್ ಎಂಬ ಅರ್ಬುದದ ಮದ್ದು ತಾನೇ ಕಿತ್ತಳೆಗೆಂಪಾಗಿ ಬೆಳಗುವಂಥದು. ಅದನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳೊಳಗೆ ತುಂಬಿ, ಗುಳ್ಳೆಯ ಹೊರಮೈಗೆ ಪಾಲಿಮರಿನ ಎಳೆಗಳನ್ನು ಹೊದಿಸಿದ ಮದ್ದಿಗೆ ೧೯೯೫ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯಕ್ಕಾಗುವ ಹಾನಿ ಇದರಿಂದ ತಗ್ಗಿತು. ಗುಳ್ಳೆಯೊಳಗೆ ಒತ್ತಾಗಿದ್ದಾಗ ಮದ್ದಿನ ಬೆಳಕು ಮಂಕು, ಹೊರಬಂದಾಗ ಕಾಂತಿ. ಪ್ರಯೋಗಶಾಲೆಯಲ್ಲಿ ಮದ್ದಿನ ಬಿಡುಗಡೆಯನ್ನು ಕಣ್ಣಾರೆ ನೋಡಲು ಇದು ಅನುಕೂಲವಾಯಿತು. ಗಡ್ಡೆಯ ರಕ್ತನಾಳಗಳು ಸೋರುವ ಗುಣದವು, ಆದ್ದರಿಂದ ಇಂಥ ಕಣಗಳು ಅಲ್ಲಿ ತಾವಾಗಿಯೇ ಸೇರುತ್ತವೆ ಎಂದು ೧೯೮೬ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದಾಗ ಎಲ್ಲೆಡೆ ಉತ್ಸಾಹ ಹಬ್ಬಿತು. ಆದರೆ ೨೦೧೬ರಲ್ಲಿ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ತಿಳಿದುಬಂದದ್ದು ಬೇರೆ: ಪ್ರಾಣಿಗಳಿಗೆ ಕೊಟ್ಟ ಇಂಥ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದು ನೂರಕ್ಕೆ ಒಂದು ಪಾಲೂ ಅಲ್ಲ, ಮಧ್ಯಮ ಲೆಕ್ಕದಲ್ಲಿ ಕೇವಲ ೦.೭ ಪಾಲು. ಉಳಿದುದರಲ್ಲಿ ಬಹಳಷ್ಟನ್ನು ಯಕೃತ್ತು, ಗುಲ್ಮಗಳು ಕಸವೆಂದು ಹಿಡಿದಿಟ್ಟುಕೊಳ್ಳುತ್ತವೆ.

ಈ ಸಂಖ್ಯೆಯನ್ನು ಓದಿ ನಮಗೆ ನಿರಾಶೆಯಾಗಲಿಲ್ಲ. ಬದಲಿಗೆ ಗೌರವ ಹೆಚ್ಚಿತು. ತಮ್ಮ ಕಾಗದಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ವಿಳಾಸ ತಲುಪಲಿಲ್ಲವೆಂದು ಬಹಿರಂಗವಾಗಿ ಬರೆದುಕೊಳ್ಳುವ ಪ್ರಾಮಾಣಿಕತೆ ಎಲ್ಲ ಇಲಾಖೆಗಳಲ್ಲಿಯೂ ಸಿಗುವಂಥದಲ್ಲ. ಅಷ್ಟೇ ಅಲ್ಲ, ಅದು ತಲುಪಲಿಲ್ಲವೆಂದು ತಿಳಿಯಲು ಇಂಥ ಗುರುತುಗಳೇ ಬೇಕಾದವು. ಎಲ್ಲಿ ತಪ್ಪಿತೆಂದು ಕಂಡಮೇಲಲ್ಲವೇ ತಿದ್ದುವ ಮಾತು? ನಾವು ಮೇಷ್ಟರುಗಳು ಉತ್ತರಪತ್ರಿಕೆಯನ್ನು ನೋಡುವುದೂ ಇದಕ್ಕಾಗಿಯೇ.

ಈಗ ನಮ್ಮ ಊರುಗಳ ಮಾತು. ಇಂಥ ಸುದ್ದಿಗಳು ನಮ್ಮ ಕಡೆಗೆ ಬರುವಾಗ ಅರ್ಧ ಮುರಿದು, ಅರ್ಧ ಉಬ್ಬಿ ಬರುತ್ತವೆ. ಕೆಂಪುದೀಪ ತೋರಿ ರೋಗ ವಾಸಿಮಾಡುತ್ತಾರಂತೆ ಎಂದು ಒಬ್ಬರು; ಅರಿಶಿನದಲ್ಲಿಯೇ ಎಲ್ಲವೂ ಇರುವಾಗ ಆಸ್ಪತ್ರೆಯೇಕೆ ಎಂದು ಇನ್ನೊಬ್ಬರು. ಅರಿಶಿನ ಬೆಳೆಯುವ ಊರಿನವರಾಗಿ ನಾವೇ ಹೇಳುತ್ತೇವೆ: ಅರಿಶಿನ ಬೆಳಗುತ್ತದೆ, ಬಣ್ಣ ಬದಲಿಸುತ್ತದೆ, ಸಾರಿಗೆ ರುಚಿ ಕೊಡುತ್ತದೆ; ಗಡ್ಡೆಯನ್ನು ಕರಗಿಸುತ್ತದೆಂದು ನಂಬಿ ಚಿಕಿತ್ಸೆ ಬಿಡಬೇಡಿರಿ. ಹೊಸ ಮದ್ದು ಬರಲಿ, ಆಮೇಲೆ ಹೋಗೋಣವೆಂದು ಕಾಯಲೂ ಬೇಡಿರಿ. ಈ ಪಾಲಿಮರುಗಳು ನಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬರುವುದಕ್ಕೆ ಇನ್ನೂ ಸಮಯ ಬೇಕು. ಗಡ್ಡೆ ಮಾತ್ರ ಸಮಯ ಕೇಳುವುದಿಲ್ಲ.

ನಮ್ಮ ಹೆಂಗಸರು ಎದೆಯ ಗಡ್ಡೆಯ ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೆ ನಾಚುತ್ತಾರೆ. ಅಕ್ಕನೂ ನಾಲ್ಕು ತಿಂಗಳು ಮುಚ್ಚಿಟ್ಟಿದ್ದಳು. ಮಗಳು ಬಾಣಂತನಕ್ಕೆ ಬಂದವಳು ಕಂಡುಹಿಡಿದಳು. ಕತ್ತಲಲ್ಲಿ ಸಾಗಿ ಸರಿಯಾದ ನೆಲೆಯಲ್ಲಿ ಬೆಳಕಾಗುವುದು ಪಾಲಿಮರಿಗೆ ವಿಜ್ಞಾನಿಗಳು ಕಲಿಸಿದ ಗುಣ. ಮನೆಯೊಳಗಿನ ಮೌನವನ್ನು ಒಡೆಯುವ ಬೆಳಕನ್ನು ಯಾವ ಪ್ರಯೋಗಶಾಲೆಯೂ ತಯಾರಿಸಿಕೊಡದು. ಅದನ್ನು ತಾಯಿ ಮಗಳಿಗೆ, ಮಗಳು ತಾಯಿಗೆ, ಅತ್ತಿಗೆ ನಾದಿನಿಗೆ ಕೊಡಬೇಕು. ಈ ಪುಟಗಳನ್ನು ಓದುವ ಗಂಡಸರು ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ನಮ್ಮ ಶ್ರಮ ಸಾರ್ಥಕ.

ಅಕ್ಕ ಈಗ ಚೆನ್ನಾಗಿದ್ದಾಳೆ. ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಿ ಬರುತ್ತಾಳೆ. ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, ಹುಳಿ ತಾಗಿದರೆ ತೊಗರಿಬೇಳೆಯ ಗಾತ್ರದ ಗಡ್ಡೆಯೂ ಬೆಳಗುವಂಥ ಪಾಲಿಮರನ್ನು ತಾನು ಮಾಡುವುದಾಗಿ ವಿಜ್ಞಾನದ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ. ನಾವು ಅದಕ್ಕೆ ಅಂಕ ಕೊಟ್ಟಿಲ್ಲ. ರುಜು ಮಾತ್ರ ಹಾಕಿದ್ದೇವೆ.